ಮೇಷ್ಟರ ಮನೆಯ ಕಿಟಕಿಯಲ್ಲಿ ಯಾರು?

ಘಾಟಿ ಇಳಿಯುವಾಗ

ಅಮೆರಿಕಕ್ಕೆ ಹೋಗಿ ಬಂದವಳು ಎಂದು ತಿಳಿದರೆ ನಮ್ಮ ಕಡೆಯ ಹೆಂಗಸರು ಮೊದಲು ಕೇಳುವುದು ಅಲ್ಲಿ ಅನ್ನ ಸಿಗುತ್ತದೆಯೇ ಎಂದು. ಆಮೇಲೆ ದನಿ ತಗ್ಗಿಸಿ, ಅವರು ದಿನಾ ಸ್ನಾನ ಮಾಡುವುದಿಲ್ಲವಂತೆ, ಹೌದೇ ಎಂದು. ಅನ್ನ ಸಿಗುತ್ತದೆ. ಆದರೆ ಹಾಲು ಸಕ್ಕರೆ ಹಾಕಿ ಪಾಯಸದಂತೆ ಬೇಯಿಸಿ ಊಟದ ಕೊನೆಗೆ ಎರಡು ಚಮಚ ತಿನ್ನುತ್ತಾರೆ. ಸ್ನಾನ ಶನಿವಾರಕ್ಕೊಂದು. ಇದಕ್ಕಿಂತ ಹೆಚ್ಚಿನದನ್ನು ಯಾರೂ ಕೇಳಿಲ್ಲ. ನಾನು ಹೇಳಬೇಕಾದದ್ದು ಮಾತ್ರ ಬೇರೆಯೇ ಇದೆ. ಎರಡು ವರ್ಷ ಒಳಗೇ ಇಟ್ಟುಕೊಂಡೆ, ಇನ್ನು ಆಗುವುದಿಲ್ಲ.

ನಮ್ಮವರು ಹೊಂಗಡಹಳ್ಳದ ಎಸ್ಟೇಟೊಂದರಲ್ಲಿ ರೈಟರ್, ಅಂದರೆ ಲೆಕ್ಕಪತ್ರ ಬರೆಯುವವರು. ಕಾಫಿ ಬೀಜವನ್ನು ಅಂಗೈಯಲ್ಲಿ ಉರುಳಿಸಿ ನೋಡಿ, ಅದು ಗುಡ್ಡದ ಯಾವ ಮಗ್ಗುಲಲ್ಲಿ ಬೆಳೆದದ್ದು ಎಂದು ಹೇಳಬಲ್ಲರು. ಎಸ್ಟೇಟಿನ ಯಜಮಾನರಾದ ನಮ್ಮ ದೊರೆಯ ಕಾಫಿ ಕೊಳ್ಳುವ ಅಮೆರಿಕದ ವ್ಯಾಪಾರಿಗೆ, ತನ್ನ ಗೋದಾಮಿನವರಿಗೆ ಬೀಜ ವಿಂಗಡಿಸುವುದನ್ನು ಕಲಿಸಲು ಒಂದು ವರ್ಷದ ಮಟ್ಟಿಗೆ ಜನ ಬೇಕಾಗಿತ್ತು. ದೊರೆ ಇವರ ಹೆಸರು ಹೇಳಿದರು. ನಮಗೆ ಮಕ್ಕಳಿಲ್ಲ. ನನ್ನನ್ನು ಯಾರ ಮನೆಯಲ್ಲಿ ಬಿಡುವುದು ಎಂಬ ಪ್ರಶ್ನೆಗೆ ಉತ್ತರ ಸಿಗದೆ ನಾನೂ ಹೊರಟೆ. ಹುಡುಗಿಯಾಗಿದ್ದಾಗ ಮಂಗಳೂರಿನ ಕನ್ಯಾಮಠದ ಶಾಲೆಯಲ್ಲಿ ಕಲಿತ ಇಂಗ್ಲಿಷು ಸ್ವಲ್ಪ ಇತ್ತು.

ಹೊರಡುವ ಹಿಂದಿನ ದಿನ ಹೆಗ್ಗದ್ದೆಯಿಂದ ಪುಟ್ಟಮ್ಮ ನೋಡಿಕೊಂಡು ಹೋಗಲು ಬಂದಿದ್ದಳು. ಏಲಕ್ಕಿ ಬಿಡಿಸುವ ಕಾಲದಲ್ಲಿ ನಮ್ಮಲ್ಲಿಗೆ ಬರುವವಳು, ನನಗಿಂತ ದೊಡ್ಡವಳು.

"ಅಷ್ಟು ದೂರ ಹೋಗ್ಬುಟ್ರೆ ಯಾರ್ ಜೊತೆ ಮಾತಾಡ್ತೀಯವ್ವ?" ಎಂದಳು.

ದೇವರ ಜೊತೆ ಎಂದೆ.

"ಅವ್ನು ತಿರುಗಿ ಮಾತಾಡಾಕಿಲ್ವಲ್ಲ ಕಣವ್ವ," ಎಂದು ನಕ್ಕು, ಸೆರಗಿನ ತುದಿಯಿಂದ ಒಂದು ಗಂಟು ಏಲಕ್ಕಿ ಬಿಚ್ಚಿ ಕೊಟ್ಟಳು. ಶಿರಾಡಿ ಘಾಟಿಯನ್ನು ಗಾಡಿಯಲ್ಲಿ ಇಳಿಯುವಾಗ, ತಿರುವಿಗೊಂದು ಸಲ ಎತ್ತುಗಳ ಕುತ್ತಿಗೆಯ ಗಂಟೆ ನಿಂತು ನಿಂತು ಕೇಳುವಾಗ, ಅವಳ ಮಾತು ನನ್ನ ಜೊತೆಗೇ ಇಳಿಯುತ್ತಿತ್ತು.

ಹಡಗಿನಲ್ಲಿ

ಹಡಗಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಏಕೆಂದರೆ ಹೆಚ್ಚು ಕಾಲ ನಾನು ಕಣ್ಣು ತೆರೆದೇ ಇರಲಿಲ್ಲ. ಒಂದು ದಿನ ಸಮುದ್ರ ಹುಚ್ಚೆದ್ದು ನನ್ನ ಮಾವಿನ ಮಿಡಿ ಉಪ್ಪಿನಕಾಯಿಯ ಭರಣಿ ಉರುಳಿತು. ಅದರ ಎಣ್ಣೆಯೆಲ್ಲ ಎದುರು ಮಂಚದ ಇಂಗ್ಲಿಷ್ ಹೆಂಗಸಿನ ಪೆಟ್ಟಿಗೆಯೊಳಕ್ಕೆ ಹೋಯಿತು. ಆಕೆ ಬೈಯುತ್ತಾಳೆ ಎಂದು ನಾನು ಹೊದಿಕೆಯೊಳಗೆ ಕಾದಿದ್ದೆ. ಆಕೆ ಬೈಯಲಿಲ್ಲ. ಆದರೆ ಅಂದಿನಿಂದ ಇಳಿಯುವ ತನಕ ಹದಿನಾಲ್ಕು ದಿನ ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ನಮ್ಮೂರಲ್ಲಾಗಿದ್ದರೆ ಚೆನ್ನಾಗಿ ಬೈದು, ಸಂಜೆಗೆ ಉಳಿದ ಮಿಡಿ ಎಷ್ಟಿದೆ ಎಂದು ಕೇಳುತ್ತಿದ್ದರು. ಭರಣಿಯ ತಳದಲ್ಲಿ ಐದು ಮಿಡಿ ಉಳಿದಿತ್ತು, ದೇವರ ದಯೆ. ಮೌನಕ್ಕೆ ನನಗೆ ಅಲ್ಲಿಂದಲೇ ಅಭ್ಯಾಸ ಶುರುವಾಯಿತು.

ಹೆಪ್ಪುಗಟ್ಟಿದ ನದಿಯ ಊರು

ವ್ಯಾಪಾರಿಯ ಗೋದಾಮು ದೊಡ್ಡ ನಗರದಲ್ಲಿತ್ತು. ಅಲ್ಲಿ ನಮ್ಮ ಬಣ್ಣದವರಿಗೆ ಮನೆ ಕೊಡುವವರು ಸಿಗಲಿಲ್ಲ. ಕೊನೆಗೆ ಆತ ತನ್ನ ಹಳೆಯ ಗುಮಾಸ್ತನೊಬ್ಬನ ವಿಧವೆಯ ಮನೆಯಲ್ಲಿ, ರೈಲಿನಲ್ಲಿ ಅರ್ಧ ದಿನದ ದೂರದ ಸಣ್ಣ ಊರಿನಲ್ಲಿ, ನಮಗೊಂದು ಮಾಳಿಗೆಯ ಕೋಣೆ ಗೊತ್ತು ಮಾಡಿದ. ಇವರು ವಾರವೆಲ್ಲ ಗೋದಾಮಿನಲ್ಲೇ ಮಲಗಿ ಶನಿವಾರ ಬರುತ್ತಿದ್ದರು, ಭಾನುವಾರ ಹೋಗುತ್ತಿದ್ದರು. ಆ ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿಯವರಿಗೂ ಮರ್ಯಾದೆ ಇದೆ.

ಮನೆಯೊಡತಿಯ ಹೆಸರು ಅಬಿಗೈಲ್. ನಾನು ಅಬಿಗೈಲಮ್ಮ ಎನ್ನುತ್ತಿದ್ದೆ, ಆ 'ಅಮ್ಮ' ಏನೆಂದು ಕೇಳಿ ತಿಳಿದುಕೊಂಡ ಮೇಲೆ ಆಕೆಗೆ ಸಂತೋಷವಾಯಿತು. ಸೆರಫೀನಾ ಎಂಬ ನನ್ನ ಹೆಸರು ಆಕೆಯ ಬಾಯಲ್ಲಿ ಸೆರಾ ಆಯಿತು. ದಪ್ಪ ಕೈಯ, ಜೋರು ಬಾಯಿಯ, ಎಲ್ಲವನ್ನೂ ತಿಕ್ಕಿ ತೊಳೆಯುವ ಹೆಂಗಸು. ಅವರೆಲ್ಲ ಆಡಿದ್ದು ಇಂಗ್ಲಿಷು. ನನಗೆ ಮಾತ್ರ ಕೇಳುತ್ತ ಕೇಳುತ್ತ ನಮ್ಮೂರಿನವರು ಆಡಿದ ಹಾಗೇ ಕೇಳಿಸುತ್ತಿತ್ತು. ಹಾಗೆಯೇ ಬರೆಯುತ್ತೇನೆ, ತಪ್ಪು ತಿಳಿಯಬೇಡಿ.

ಆಕೆ ಕಾಫಿ ಮಾಡುವುದನ್ನು ಮೊದಲ ಸಲ ಕಂಡಾಗ ನಮ್ಮವರು ಕುರ್ಚಿ ಹಿಡಿದುಕೊಂಡರು. ಪುಡಿಗೆ ಒಂದು ಕೋಳಿಮೊಟ್ಟೆಯನ್ನು ಚಿಪ್ಪು ಸಮೇತ ಒಡೆದು ಹಾಕಿ, ಕಲಸಿ, ಕುದಿಯುವ ನೀರಿಗೆ ಬಿಟ್ಟಳು. ಚರಟ ಕೆಳಗಿಳಿದು ಕಾಫಿ ತಿಳಿಯಾಗುತ್ತದಂತೆ. ತಿಳಿಯೇನೋ ಆಯಿತು, ನಮ್ಮ ಹೇಮಾವತಿಯ ಬೇಸಿಗೆಯ ನೀರಿನಷ್ಟು. ಇವರು ಒಂದೂ ಮಾತಾಡದೆ ಕುಡಿದು, ಮಾಳಿಗೆ ಹತ್ತಿದ ಮೇಲೆ ಹೇಳಿದರು: "ಈ ಬೀಜ ಬೆಳೆಯಾಕೆ ಜನ ಜಿಗಣೆ ಕೈಲಿ ಕಚ್ಚಿಸ್ಕಂಡವ್ರೆ ಕಣೆ." ನಮ್ಮ ಮನೆಮಾತು ಕೊಂಕಣಿ. ಆದರೆ ಇವರು ಗುಡ್ಡದಲ್ಲೇ ಹುಟ್ಟಿ ಬೆಳೆದವರು, ಮನಸ್ಸಿಗೆ ತಾಗಿದ್ದನ್ನು ಕನ್ನಡದಲ್ಲೇ ಆಡುತ್ತಾರೆ.

ಆ ಮನೆಯಲ್ಲಿ ಇನ್ನೊಬ್ಬರಿದ್ದರು, ಅಬಿಗೈಲಮ್ಮನ ಅಣ್ಣ. ಊರಿನ ಶಾಲೆಯ ಮೇಷ್ಟರು. ಹೆಂಡತಿ ಸತ್ತು ವರ್ಷಗಳಾಗಿದ್ದವು. ಅಂಗಿಯ ತೋಳಿನ ತುದಿಯಲ್ಲಿ ಸದಾ ಸುಣ್ಣದ ಕಡ್ಡಿಯ ಪುಡಿ, ಸದಾ ಸಣ್ಣ ಕೆಮ್ಮು. ನಾನು ಸಂಜೆ ಜಪಮಾಲೆ ಹೇಳುವಾಗ ಅಬಿಗೈಲಮ್ಮ ಕೆಳಗೆ ತಟ್ಟೆ ಕುಕ್ಕಿದರೆ, ಮೇಲೆ ಪ್ರಾರ್ಥನೆ ನಡೆದಿದೆ ಎಂದು ಮೇಷ್ಟರು ಮೆಲ್ಲಗೆ ಹೇಳುವುದು ನನಗೆ ಕೇಳಿಸುತ್ತಿತ್ತು. ಅವರು ನಮ್ಮ ಕಥೋಲಿಕ ಧರ್ಮಸಭೆಯವರಲ್ಲ, ಪ್ರೊಟೆಸ್ಟೆಂಟರು. ಒಂದು ದಿನ ಯಾರ ಯಾರಿಗಾಗಿ ಪ್ರಾರ್ಥಿಸುತ್ತೀರಿ ಎಂದು ಕೇಳಿದರು. ಊರಿನವರ ಹೆಸರು ಹೇಳಿ, ಕೊನೆಗೆ ನಿಮ್ಮ ಕೆಮ್ಮಿಗೂ ಎಂದೆ. ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

ಚಳಿ ಬಂತು. ಮೊದಲ ಹಿಮ ಬಿದ್ದ ಬೆಳಿಗ್ಗೆ, ಹೂಮಳೆಯಾದ ಮೇಲೆ ಕಾಫಿ ಹೂ ಅರಳಿ ನಮ್ಮ ತೋಟ ಒಂದೇ ದಿನದಲ್ಲಿ ಬೆಳ್ಳಗಾಗುತ್ತದಲ್ಲ, ಹಾಗೆ ಕಂಡಿತು. ಕಿಟಕಿ ತೆರೆದು ಮೂಗು ಹೊರಗಿಟ್ಟೆ. ಘಮವೇ ಇಲ್ಲ. ಘಮವಿಲ್ಲದ ಅಷ್ಟೊಂದು ಬಿಳುಪು ನೋಡಿ ಅಳು ಬಂತು. ಆಮೇಲೆ ನದಿ ಹೆಪ್ಪುಗಟ್ಟಿ ದೋಣಿ ನಿಂತಿತು. ನಮ್ಮ ಕಥೋಲಿಕರ ಸಣ್ಣ ಇಗರ್ಜಿ ಇದ್ದದ್ದು ಆಚೆ ದಡದಲ್ಲಿ, ರೈಲುಹಾದಿ ಹಾಕುವ ಐರ್ಲೆಂಡಿನ ಕೂಲಿಗಳ ಬಿಡಾರದಲ್ಲಿ. ನಮ್ಮ ಎಸ್ಟೇಟಿನ ಲೈನಿನ ಹಾಗೆ ಸಾಲು ಮನೆಗಳು. ದೋಣಿ ನಿಂತ ಮೇಲೆ, ಹೆಪ್ಪಿನ ಮೇಲೆ ನಡೆದು ದಾಟುವ ಧೈರ್ಯವಿಲ್ಲದ ನನಗೆ ಪೂಜೆಯೂ ಇಲ್ಲ, ಪಾಪನಿವೇದನೆಯೂ ಇಲ್ಲ.

ಆಗ ನಾನು ಮಾಡಿದ್ದು ನಮ್ಮ ಗುಡ್ಡದ ಅಭ್ಯಾಸ. ಹೊಂಗಡಹಳ್ಳ, ವನಗೂರು, ಹೆಗ್ಗದ್ದೆ, ಹೀಗೆ ಗುಡ್ಡಕ್ಕೊಂದರಂತೆ ಚದುರಿದ ನಮ್ಮ ಮನೆಗಳಿಗೆ ಇಗರ್ಜಿಯ ಗಂಟೆ ಕೇಳುವುದಿಲ್ಲ. ಅದಕ್ಕೇ, ಮಾತೆ ಮರಿಯಮ್ಮನಿಗೆ ಸಲ್ಲಿಸುವ ಸಂಜೆಯ ಆಮೋರಿ ಪ್ರಾರ್ಥನೆಯನ್ನು ಮೊದಲು ಶುರು ಮಾಡಿದ ಮನೆಯವರು ಕಣಿವೆಯ ಕಡೆಯ ಕಿಟಕಿಯಲ್ಲಿ ದೀಪವಿಟ್ಟು, ಮೂರು ನಮೋ ಮರಿಯಾಗಳಿಗೆ ಮೂರು ಸಲ ದೀಪಕ್ಕೆ ಕೈ ಅಡ್ಡ ಹಿಡಿಯುತ್ತಾರೆ. ಅದನ್ನು ಕಂಡ ಆಚೆ ಗುಡ್ಡದ ಮನೆಯವರೂ ಹಾಗೆಯೇ ಮಾಡಿ ಶುರು ಮಾಡುತ್ತಾರೆ. ಒಂದು ಮನೆಯ ದೀಪ ಕಾಣದಿದ್ದರೆ ಮರುದಿನ ಬೆಳಿಗ್ಗೆ ಯಾರಾದರೂ ಹೋಗಿ ಜ್ವರವೋ ಏನೋ ಎಂದು ವಿಚಾರಿಸಿ ಬರುತ್ತಾರೆ. ನಾನು ಮಾಳಿಗೆಯ ಕಿಟಕಿಯಲ್ಲಿ ದೀಪವಿಟ್ಟು ಮೂರು ಸಲ ಕೈ ಅಡ್ಡ ಹಿಡಿದೆ. ಉತ್ತರ ಬರುತ್ತದೆ ಎಂದಲ್ಲ, ಸುಮ್ಮನೆ. ಐದಾರು ದಿನವಾದ ಮೇಲೆ ಹೆಪ್ಪುಗಟ್ಟಿದ ನದಿಯ ಆಚೆ ಒಂದು ದೀಪ ಮಿಣುಕಿ ಮಿಣುಕಿ ನಿಂತಿತು. ಅಂದು ನಾನು ಎರಡು ಜಪಮಾಲೆ ಹೇಳಿದೆ.

ಮನೆಯೊಳಗಿನ ಜಗಳ

ಆ ದೇಶಕ್ಕೆ ರಾಜನಿಲ್ಲ. ನಾಲ್ಕು ವರ್ಷಕ್ಕೊಮ್ಮೆ ಜನರೇ ಪ್ರೆಸಿಡೆಂಟ್ ಎಂಬ ಯಜಮಾನನನ್ನು ಆರಿಸುತ್ತಾರೆ. ದೊಡ್ಡ ಪಕ್ಷಗಳು ಎರಡು. ಅವೆರಡರ ಜಗಳ ನನಗೆ ಅರ್ಥವಾಗುವಂಥದೇ. ಆದರೆ ಅದಕ್ಕೆ ಮುಂಚೆ ಒಂದೊಂದು ಪಕ್ಷದೊಳಗೇ ನಮ್ಮ ಪರವಾಗಿ ಯಾರು ನಿಲ್ಲಬೇಕು ಎಂಬ ಜಗಳ ಇರುತ್ತದೆ. ಊರೂರಿನ ಪಕ್ಷದವರು ಸಭೆ ಸೇರಿ, ತಮ್ಮ ಕಡೆಯಿಂದ ಒಬ್ಬ ಪ್ರತಿನಿಧಿಯನ್ನು ಮೇಲಿನ ಸಭೆಗೆ ಕಳಿಸುತ್ತಾರೆ. ಒಂದೇ ಪಂಕ್ತಿಯಲ್ಲಿ ಉಣ್ಣುವವರು ಇಷ್ಟು ಕೆಸರು ಎರಚಿಕೊಳ್ಳುವುದನ್ನು ನಾನು ಅಲ್ಲೇ ಕಂಡದ್ದು.

ಆ ಊರಿನ ಹಿಟ್ಟಿನ ಗಿರಣಿಯ ಮಾಲಿಕ ಒಬ್ಬ ದೊಡ್ಡ ಮನುಷ್ಯನ ಕಡೆಯ ಪ್ರತಿನಿಧಿಯಾಗಿ ನಿಂತ. ನಮ್ಮ ಮೇಷ್ಟರು ಇನ್ನೊಬ್ಬ ದೊಡ್ಡ ಮನುಷ್ಯನ ಕಡೆಗೆ ನಿಂತರು. ಆ ಇಬ್ಬರು ದೊಡ್ಡವರಲ್ಲಿ ಒಬ್ಬನನ್ನೂ ಊರಿನವರು ಕಣ್ಣಾರೆ ಕಂಡಿರಲಿಲ್ಲ, ಮೇಷ್ಟರನ್ನು ಬಿಟ್ಟು. ಅವರು ಹುಡುಗರಾಗಿದ್ದಾಗ ತಮ್ಮ ಕಡೆಯ ದೊಡ್ಡ ಮನುಷ್ಯನ ಭಾಷಣ ಕೇಳಿ ಕೈ ಕುಲುಕಿದ್ದರಂತೆ. ಶಾಲೆಯ ಕಮಿಟಿಗೆ ಗಿರಣಿಯವನೇ ಮುಖ್ಯಸ್ಥ. ಮೇಷ್ಟರು ತನ್ನೆದುರು ನಿಂತು ಸೋತರೆ ಬರುವ ವರ್ಷಕ್ಕೆ ಬೇರೆ ಮೇಷ್ಟರು ಬರುತ್ತಾರೆ ಎಂದು ಅವನು ಅಂಗಡಿಬಾಗಿಲಲ್ಲಿ ನಿಂತೇ ಹೇಳಿದ್ದ. ಗೆದ್ದರೆ ಮುಟ್ಟಲಾರ, ಊರಿನ ಬಾಯಿಗೆ ಹೆದರಿ. ಹಾಗಾಗಿ ದೇಶಕ್ಕೆ ಯಜಮಾನ ಯಾರಾಗುತ್ತಾನೆ ಎಂಬುದು ಯಾರಿಗೆ ಮುಖ್ಯವಾಗಿತ್ತೋ ತಿಳಿಯದು, ನಮ್ಮ ಮನೆಯಲ್ಲಿ ತೂಗುತ್ತಿದ್ದದ್ದು ಮೇಷ್ಟರ ಶಾಲೆ.

ಮೊದಲು ಬಾಟಲಿಗಳು ಬಂದವು. ಒಂದು ಬೆಳಿಗ್ಗೆ ನಮ್ಮ ಗೇಟಿನ ಬಳಿ ಹತ್ತಾರು ಖಾಲಿ ವಿಸ್ಕಿ ಬಾಟಲಿ, ಶಾಲೆಗೆ ಹೋಗುವ ಮಕ್ಕಳಿಗೆಲ್ಲ ಕಾಣುವಂತೆ. ಮೇಷ್ಟರು ಕುಡಿಯುತ್ತಾರೆ ಎಂದು ಮಧ್ಯಾಹ್ನಕ್ಕೆ ಊರೆಲ್ಲ ಹಬ್ಬಿತು. ಅಬಿಗೈಲಮ್ಮ ಗಿರಣಿಯ ಕಡೆ ಮುಖ ಮಾಡಿ ಬೈದು, ಬಾಟಲಿಗಳನ್ನು ಬಾಚಿ ತಂದು ಬಿಸಿನೀರಿನಲ್ಲಿ ತೊಳೆದು ವಿನೆಗರ್ ತುಂಬಿಟ್ಟಳು. ಇಂಥವನ್ನು ಇನ್ನಷ್ಟು ಕಳಿಸಲಿ, ಸೌತೆಕಾಯಿ ಉಪ್ಪಿನಕಾಯಿಗೆ ಬೇಕು ಎಂದಳು.

ನಮ್ಮ ಕಡೆಯವರೂ ಸುಮ್ಮನಿರಲಿಲ್ಲ. ಸತ್ಯ ಹೇಳಬೇಕು. ಮೇಷ್ಟರ ಪರವಾಗಿ ಓಡಾಡುತ್ತಿದ್ದವನು ಊರಿನ ಕ್ಷೌರಿಕ ಫ್ರ್ಯಾಂಕ್. ಗಿರಣಿಯವನು ಹಿಟ್ಟಿಗೆ ಸುಣ್ಣ ಬೆರೆಸುತ್ತಾನೆ ಎಂದು ಅವನು ಬಂದ ಗಡ್ಡಕ್ಕೆಲ್ಲ ಹೇಳಿದ. ನಿಜವೇ ಎಂದು ನಾನು ಕೇಳಿದೆ. ಇರಬಹುದು, ಇಲ್ಲದಿರಬಹುದು ಎಂದು ನಕ್ಕ. ಅದು ಮೇಷ್ಟರ ಕಿವಿಗೆ ಬಿದ್ದ ದಿನ ಇಬ್ಬರಿಗೂ ಜೋರು ಮಾತಾಯಿತು. ಸುಳ್ಳಿನ ಮೇಲೆ ಗೆಲ್ಲುವುದಾದರೆ ತನ್ನ ಹೆಸರು ತೆಗೆದುಬಿಡಿ ಎಂದರು ಮೇಷ್ಟರು. ಫ್ರ್ಯಾಂಕ್ ಆಗಲಿ ಎಂದ, ಆದರೆ ಅವನ ಮುಖದಲ್ಲಿ ಆ 'ಆಗಲಿ' ಇರಲಿಲ್ಲ.

ನಮ್ಮಲ್ಲೂ ಪಟೇಲಿಕೆಗೋ ಇಗರ್ಜಿಯ ಗುರಿಕಾರಿಕೆಗೋ ಪೈಪೋಟಿ ಬಿದ್ದಾಗ ಅಮಲ್ದಾರರಿಗೆ ಮೂಗರ್ಜಿ ಹೋಗುತ್ತದೆ. ಆದರೆ ಮೂಗರ್ಜಿ ಬರೆಯುವವನಿಗೆ ಒಂದು ನಾಚಿಕೆಯಾದರೂ ಇರುತ್ತದೆ. ಹೆಸರು ಹಾಕುವುದಿಲ್ಲ, ಅಕ್ಷರ ಗುರುತಾಗದಿರಲೆಂದು ಎಡಗೈಯಲ್ಲಿ ಬರೆಯುತ್ತಾನೆ. ಅಲ್ಲಿ ಅದನ್ನೇ ಅಚ್ಚು ಹಾಕಿಸಿ ಬಾಗಿಲು ಬಾಗಿಲಿಗೆ ಹಂಚುತ್ತಾರೆ.

ಹಳದಿ ಕಾಗದ

ಸಭೆಗೆ ಒಂದು ವಾರ ಇರುವಾಗ ಬಂದದ್ದು ಹಳದಿ ಕಾಗದ. ಮಾರ್ಚಿ ತಿಂಗಳು, ನಮಗೆ ತಪಸ್ಸಿನ ಕಾಲ. ಯೇಸು ಮರಳಿ ಎದ್ದ ಪಾಸ್ಕ ಹಬ್ಬದ ತನಕ ಏನಾದರೊಂದನ್ನು ಬಿಡುವುದು ನಮ್ಮ ವಾಡಿಕೆ. ನಾನು ಕಾಫಿ ಬಿಟ್ಟಿದ್ದೆ. ಆ ಮೊಟ್ಟೆಯ ಕಾಫಿ ಬಿಟ್ಟದ್ದು ತ್ಯಾಗವೆಂದು ಸ್ವರ್ಗದಲ್ಲಿ ಯಾರೂ ಬರೆದುಕೊಂಡಿರಲಾರರು. ಬಾಗಿಲ ಕೆಳಗಿನಿಂದ ತೂರಿದ ಕಾಗದವನ್ನು ಎತ್ತಿದವಳು ನಾನೇ.

ಅದರಲ್ಲೊಂದು ಚಿತ್ರ. ಮಾಳಿಗೆಯ ಕಿಟಕಿ. ಕಿಟಕಿಯಲ್ಲಿ ತಲೆಯ ಮೇಲೆ ಬಟ್ಟೆ ಹೊದ್ದ ಕಪ್ಪು ಹೆಂಗಸು, ಕೈಯಲ್ಲಿ ದೀಪ. ಅವಳ ನೆರಳು ಗೋಡೆಯ ಮೇಲೆ ಬಿದ್ದಿದೆ, ನೆರಳಿನ ತಲೆಗೆ ಪೋಪ್ ಗುರುಗಳ ಉದ್ದ ಟೋಪಿ. ಕೆಳಗೆ ದಪ್ಪಕ್ಷರದಲ್ಲಿ: ಮೇಷ್ಟರ ಮನೆಯ ಕಿಟಕಿಯಲ್ಲಿ ಯಾರು? ರೋಮಿನವರ ಗೂಢಚಾರಿಣಿ ದಿನಾ ಸಂಜೆ ದೀಪ ಆಡಿಸಿ ಆಚೆ ದಡದ ಕೂಲಿಗಳಿಗೆ ಸನ್ನೆ ಕಳಿಸುತ್ತಾಳೆ, ನಿಮ್ಮ ಮಕ್ಕಳನ್ನು ಅಂಥ ಮನೆಯವನ ಕೈಗೆ ಕೊಟ್ಟಿದ್ದೀರಿ, ಎಂದೆಲ್ಲ ಇತ್ತು.

ನನ್ನ ಚಿತ್ರವನ್ನು ಅದುವರೆಗೆ ಯಾರೂ ಬರೆದಿರಲಿಲ್ಲ. ಮದುವೆಯಲ್ಲೂ ಇಲ್ಲ. ನಿಜ ಹೇಳುತ್ತೇನೆ, ಓದಿ ಅರ್ಥವಾಗುವುದಕ್ಕೆ ಮುಂಚೆ ಒಂದು ಕ್ಷಣ, ಸೆರಗಿನ ನೆರಿಗೆ ಸರಿಯಾಗಿ ಬಂದಿದೆ ಎಂದು ನೋಡಿದೆ.

ಆಮೇಲೆ ಪೂರ್ತಿ ಓದಿದೆ. ಸಂಜೆ ಫ್ರ್ಯಾಂಕ್ ಬಂದ. ದೀಪದ ವಿಷಯ ಕೇಳಿದ, ಹೇಳಿದೆ. ಆಚೆಯಿಂದ ಉತ್ತರ ಬರುತ್ತಿದೆ ಎಂದೂ ಹೇಳಿದೆ. ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. ಆಚೆ ದಡದಲ್ಲಿ ದೀಪ ಆಡಿಸುವವನು ಕೆಲಸದ ರೈಲಿಗೆ ದಾರಿ ತೋರುವ ಕಾವಲುಗಾರನಂತೆ, ಅದೂ ಪ್ರಾರ್ಥನೆಯ ಹತ್ತಿರ ಸುಳಿಯದ ಮುದುಕ. ಎರಡು ತಿಂಗಳು ನಾನು ಯಾರೂ ಕರೆಯದ ಕಡೆಗೆ ಉತ್ತರ ಕೊಡುತ್ತಿದ್ದೆ. ಹಳದಿ ಕಾಗದಕ್ಕಿಂತ ಅದೇ ಹೆಚ್ಚು ನೋಯಿಸಿತು.

ಸಭೆಯ ಹಿಂದಿನ ದಿನ ಮೇಷ್ಟರು ಶಾಲೆಯಲ್ಲಿದ್ದಾಗ ಫ್ರ್ಯಾಂಕ್ ಮತ್ತೆ ಬಂದು ತನ್ನ ಉಪಾಯ ಹೇಳಿದ. ನಾನು ಚಳಿಗಾಲವೆಲ್ಲ ಪೂಜೆಗೆ ಹೋಗಿಲ್ಲವಾದ್ದರಿಂದ ಕಥೋಲಿಕಳು ಹೌದೋ ಅಲ್ಲವೋ ಊರಿಗೆ ಖಚಿತವಿಲ್ಲ. ಹಿಂದೂ ಎಂದರೆ ಜನಕ್ಕೆ ಕುತೂಹಲ, ದುಡ್ಡು ಕೊಟ್ಟು ನೋಡಲು ಬರುತ್ತಾರೆ. ರೋಮಿನವಳು ಎಂದರೆ ಭಯ. ಆದ್ದರಿಂದ ನಾನು ರೇಷ್ಮೆ ಸೀರೆಯುಟ್ಟು, ಹಣೆಗೊಂದು ಕೆಂಪು ಬೊಟ್ಟಿಟ್ಟು ಸಭೆಯ ಎದುರಿಗೆ ಕೂತರೆ ಸಾಕು. ದೀಪ ನಮ್ಮ ದೇಶದ ಆಚಾರ ಎಂದು ಅವನೇ ಹೇಳುತ್ತಾನೆ. ಹಳದಿ ಕಾಗದ ಅಲ್ಲಿಗೆ ಮುಗಿಯಿತು.

"ಸುಳ್ ಹೇಳು ಅಂತ ನಾನು ಹೇಳಾಕಿಲ್ಲ ಕಣವ್ವ," ಎಂದ. "ನೀನು ಸುಮ್ನೆ ಕೂತ್ಕೊ. ಹೇಳಾದೆಲ್ಲ ನಾನ್ ಹೇಳ್ತೀನಿ."

ನಾನು ಆಗುವುದಿಲ್ಲ ಎಂದೆ. ಅವನು ಹೋದ. ಆಮೇಲೆ ಅಬಿಗೈಲಮ್ಮ ಒಲೆಯ ಮುಂದೆ ನನಗೆ ಬೆನ್ನು ಹಾಕಿ ನಿಂತು, ಯಾವತ್ತೂ ಇಲ್ಲದಷ್ಟು ಸಣ್ಣ ದನಿಯಲ್ಲಿ ಹೇಳಿದಳು: "ಅತ್ತಿಗೆ ಹೋದ್ಮೇಲೆ ನಮ್ಮಣ್ಣಂಗೆ ಉಳಿದಿದ್ದು ಆ ಸ್ಕೂಲೊಂದೇ ಕಣೆ ಸೆರಾ. ಅದೂ ಹೋಗ್ಬುಟ್ರೆ ಮನ್ಸ ಉಳಿಯಾಕಿಲ್ಲ."

ಇವರನ್ನು ಕೇಳೋಣವೆಂದರೆ ಇವರು ಶನಿವಾರಕ್ಕೆ ಮುಂಚೆ ಬರುವುದಿಲ್ಲ. ಗುರುಗಳನ್ನು ಕೇಳೋಣವೆಂದರೆ ನಡುವೆ ಒಡೆಯುತ್ತಿರುವ ಹಿಮದ ನದಿ. ದೇವರನ್ನು ಕೇಳಿದೆ. ಪುಟ್ಟಮ್ಮ ಹೇಳಿದ್ದು ನಿಜವಾಗಿತ್ತು. ಬೆಳಿಗ್ಗೆ ಅಬಿಗೈಲಮ್ಮನಿಗೆ ಆಗಲಿ ಎಂದೆ.

ಸಭೆ

ನಮ್ಮಲ್ಲಿ ಕುಂಕುಮ ಇರಲಿಲ್ಲ. ಅಬಿಗೈಲಮ್ಮ ಬೀಟ್‌ರೂಟ್ ಕೊಯ್ದು, ಅದರ ತುದಿಯಿಂದ ನನ್ನ ಹಣೆಗೊತ್ತಿದಳು. ಕರಿಮಣಿಯಲ್ಲಿದ್ದ ಶಿಲುಬೆಯನ್ನು ನಾನೇ ರವಿಕೆಯೊಳಗೆ ಸೇರಿಸಿದೆ. ಅದು ತಣ್ಣಗಿತ್ತು. ಬಹಳ ಹೊತ್ತು ತಣ್ಣಗೇ ಇತ್ತು. ಬೊಟ್ಟಿಡುವ ನಮ್ಮೂರಿನ ಅಕ್ಕತಂಗಿಯರು ಇದನ್ನು ಓದಿ ಬೇಸರಪಡಬಾರದು. ಪುಟ್ಟಮ್ಮನ ಹಣೆಯ ಕುಂಕುಮಕ್ಕೆ ಎಷ್ಟು ಅರ್ಥವಿದೆಯೋ ನನ್ನ ಹಣೆಯ ಬೀಟ್‌ರೂಟಿಗೆ ಅಷ್ಟು ಅರ್ಥವಿರಲಿಲ್ಲ, ಅದೇ ನನ್ನ ನಾಚಿಕೆ.

ಸಭೆ ಊರಿನ ಮರದ ಸಭಾಭವನದಲ್ಲಿ, ಮಧ್ಯಾಹ್ನ. ಗಿರಣಿಯ ಕಡೆಯವರು ಗೋಡೆಯ ಗಡಿಯಾರವನ್ನು ಅರ್ಧ ಗಂಟೆ ಮುಂದೆ ತಿರುಗಿಸಿಟ್ಟಿದ್ದರು, ದೂರದ ರೈತರು ಬರುವುದರೊಳಗೆ ಬಾಗಿಲು ಹಾಕಲೆಂದು. ರೈತರೆಲ್ಲ ಮೇಷ್ಟರ ಹಳೆಯ ಶಿಷ್ಯರು. ಫ್ರ್ಯಾಂಕಿಗೆ ಅದರ ವಾಸನೆ ಬಡಿದಿತ್ತು, ಎಲ್ಲರನ್ನೂ ಬೆಳಿಗ್ಗೆಯೇ ಕರೆತಂದು ತನ್ನ ಅಂಗಡಿಯಲ್ಲಿ ಕೂರಿಸಿಕೊಂಡಿದ್ದ. ಕಳ್ಳನಿಗೆ ಕಳ್ಳ ಕಾವಲು ನಿಂತ ಹಾಗೆ ಇತ್ತು. ಹೆಂಗಸರಿಗೆ ಮತವಿಲ್ಲ, ಅವರು ಹಿಂದಿನ ಬೆಂಚಿನಲ್ಲಿ. ನನ್ನನ್ನು ಮಾತ್ರ ಮುಂದೆ, ವೇದಿಕೆಯ ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. ಮೇಷ್ಟರು ಶಾಲೆ ಬಿಟ್ಟು ಓಡೋಡಿ ಬಂದು ತಮ್ಮ ಜಾಗದಲ್ಲಿ ಕುಳಿತ ಮೇಲೆ ನನ್ನನ್ನು ನೋಡಿದರು. ನನ್ನ ಹಣೆಯನ್ನು ನೋಡಿದರು. ಅವರಿಗೆ ಯಾರೂ ಹೇಳಿರಲಿಲ್ಲ ಎಂದು ನನಗೆ ಆಗ ತಿಳಿಯಿತು.

ಫ್ರ್ಯಾಂಕ್ ಎದ್ದು ಚೆನ್ನಾಗಿಯೇ ಮಾತಾಡಿದ. ನಾನು ಪೂರ್ವದೇಶದ ಗೌರವಸ್ಥ ಹಿಂದೂ ಮನೆಯವಳು, ದೀಪ ತೋರಿಸುವುದು ನಮ್ಮ ಪುರಾತನ ಆಚಾರ, ಒಬ್ಬಂಟಿ ಹೆಂಗಸನ್ನು ಗೂಢಚಾರಿಣಿ ಎಂದವರು ನಾಚಬೇಕು ಎಂದ. ಜನ ಕತ್ತು ಚಾಚಿ ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಕೆಲವರು ನಕ್ಕರು, ಪ್ರೀತಿಯಿಂದಲೇ. ಅಷ್ಟು ತಿಂಗಳಲ್ಲಿ ಆ ಊರು ನನ್ನ ಕಡೆ ನೋಡಿ ನಕ್ಕದ್ದು ಅದೇ ಮೊದಲು. ನನಗೆ ಅದು ಹಿತವಾಯಿತು ಎಂಬುದನ್ನೂ ಬರೆಯಲೇಬೇಕು.

ಆಗ ಹಳದಿ ಕಾಗದ ಅಚ್ಚು ಹಾಕಿದ್ದ ಮುದ್ರಕ ಎದ್ದ. ಕನ್ನಡಕದ, ಸಣ್ಣಗಿನ, ಬಹಳ ಮರ್ಯಾದೆಯ ಮನುಷ್ಯ.

"ಆಯಮ್ಮನ ಬಾಯಲ್ಲೇ ಒಂದ್ಮಾತು ಕೇಳುವ," ಎಂದ. "ನೀವು ಹಿಂದೂನೋ, ಕಥೋಲಿಕರೋ ಅಮ್ಮ?"

ನಾನು ಎದ್ದು ನಿಂತೆ. ಹೆದರಿಕೆಯಿಂದ ನಾಲಗೆ ಹೊರಳಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ನನಗೆ ಹೆದರಿಕೆ ಇರಲಿಲ್ಲ. ನಾನು ತೂಗಿ ನೋಡುತ್ತಿದ್ದೆ. ಒಂದು ಕಡೆ ನನ್ನ ಒಂದು ಮಾತು, ಇನ್ನೊಂದು ಕಡೆ ಅಬಿಗೈಲಮ್ಮನ ಅಣ್ಣ. ಸುಮ್ಮನಿದ್ದರೆ ಸುಳ್ಳು ಹೇಳಿದಂತಾಗುವುದಿಲ್ಲ ಎಂದು ಮನಸ್ಸು ವಕೀಲಿ ಮಾಡುತ್ತಿತ್ತು. ತಲೆ ತಗ್ಗಿಸಿ ಕೈ ನೋಡಿಕೊಂಡೆ. ಫ್ರ್ಯಾಂಕ್ ಅದನ್ನು ಸಂಕೋಚ ಎಂದ, ಅವರ ದೇಶದಲ್ಲಿ ಹೆಂಗಸರು ಗಂಡಸರೆದುರು ಮಾತಾಡುವುದಿಲ್ಲ ಎಂದ.

ಅಷ್ಟರಲ್ಲಿ ಮೇಷ್ಟರು ಎದ್ದರು. ಕೆಮ್ಮಿದರು. ತರಗತಿಯಲ್ಲಿ ನಿಂತ ಹಾಗೇ ನಿಂತರು.

"ಈ ಅಮ್ಮ ಕಥೋಲಿಕ್ರು," ಎಂದರು. "ನಂಗೆ ಮೊದ್ಲಿಂದ್ಲೂ ಗೊತ್ತೈತೆ. ದೀಪ ಇಟ್ಟು ಪ್ರಾರ್ಥನೆ ಮಾಡ್ತಾರೆ, ಅದ್ರಲ್ಲಿ ನನ್ ಹೆಸ್ರೂ ಐತೆ. ಈ ಊರಲ್ಲಿ ಇನ್ಯಾರ್ ಪ್ರಾರ್ಥನೇಲೂ ನನ್ ಹೆಸ್ರು ಇದ್ದಂಗಿಲ್ಲ. ಈಗ ಎಣಿಸ್ಕಳಿ."

ಹಿಂದಿನ ಬೆಂಚಿನಿಂದ ಅಬಿಗೈಲಮ್ಮ ದೇವರೇ ಎಂದದ್ದು ಕೇಳಿಸಿತು.

ಅಲ್ಲಿ ಎಣಿಸುವ ಕ್ರಮ ಹೀಗೆ: ಗಿರಣಿಯವನ ಕಡೆಯವರು ಎಡಗೋಡೆಗೆ, ಮೇಷ್ಟರ ಕಡೆಯವರು ಬಲಗೋಡೆಗೆ ಹೋಗಿ ನಿಲ್ಲಬೇಕು. ಗುಟ್ಟಿಲ್ಲ, ಎಲ್ಲರಿಗೂ ಎಲ್ಲರ ಮುಖ ಕಾಣುತ್ತದೆ. ರೈತರು ಬಹಳ ಜನ ಮೇಷ್ಟರ ಕಡೆಗೇ ಬಂದು ನಿಂತರು. ಆದರೆ ನಡುವಿನ ಒಂದು ಬೆಂಚಿನವರು, ಅವರಲ್ಲಿ ಮಕ್ಕಳನ್ನು ಶಾಲೆಗೆ ಕಳಿಸುವ ತಂದೆಯರೇ ಹೆಚ್ಚು, ಎದ್ದು ಬಲಕ್ಕೆ ಎರಡು ಹೆಜ್ಜೆ ಹಾಕಿದವರು ನಿಂತರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ನೆಲ ನೋಡುತ್ತ ಎಡಗೋಡೆಗೆ ಹೋದರು. ಆ ಒಂದು ಬೆಂಚಿನ ಜನದಿಂದ ಮೇಷ್ಟರು ಸೋತರು.

ನಾನು ಎದ್ದದ್ದು ಎದ್ದಂತೆಯೇ ನಿಂತಿದ್ದೆ. ಕುಳಿತುಕೊಳ್ಳಬೇಕೆಂದು ತೋಚಲಿಲ್ಲ. ನನ್ನ ದೇವರನ್ನು ನಾನು ಅಡಗಿಸಿಟ್ಟುಕೊಂಡು ನಿಂತಿದ್ದಾಗ, ನನ್ನ ಧರ್ಮಸಭೆಯವನೂ ಅಲ್ಲದ ಒಬ್ಬ ಮನುಷ್ಯ ತನ್ನ ಅನ್ನ ಪಣವಿಟ್ಟು ಆ ಸತ್ಯವನ್ನು ಹೊರಗಿಟ್ಟಿದ್ದ.

ಶನಿವಾರ

ಮನೆಯಲ್ಲಿ ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಅಬಿಗೈಲಮ್ಮ ಅಣ್ಣನ ಮೇಲೆ ಸಿಟ್ಟಾಗಿದ್ದಳು. ಎಂದಿನಂತೆ ನನ್ನ ತಟ್ಟೆಗೆ ಆಲೂಗಡ್ಡೆ ಬಡಿಸಿದಳು, ಆದರೆ ಸೆರಾ ಎಂದು ಕರೆಯದೆ. ಮೇಷ್ಟರು ಊಟದ ಮೇಜಿನಲ್ಲಿ ನನಗೆ ಉಪ್ಪು ಸರಿಸಿಕೊಟ್ಟರು. ಕ್ಷಮಿಸಿ ಎನ್ನಲು ಮೂರು ದಿನ ಮಾತು ಹುಡುಕಿದೆ. ಮೂರು ದಿನವೂ ಅವರು ಊಟ ಬೇಗ ಮುಗಿಸಿ ಎದ್ದರು, ನನ್ನ ಕಷ್ಟ ತಪ್ಪಿಸಲೆಂದೋ ಏನೋ.

ಶನಿವಾರ ಇವರು ಬಂದರು. ಎಲ್ಲವನ್ನೂ ಹೇಳಿದೆ, ಬೀಟ್‌ರೂಟಿನ ಸಮೇತ. ಇವರು ಮಂಚದ ಅಂಚಿನಲ್ಲಿ ಕುಳಿತು ಬೂಟಿನ ದಾರ ಬಿಚ್ಚುತ್ತಿದ್ದರು.

"ನಾನಿದ್ದಿದ್ರೂ ಕೂತ್ಕೊ ಅಂತ್ಲೇ ಅಂದ್ಬುಡ್ತಿದ್ದೆ ಕಣೆ," ಎಂದರು.

ಅದು ಸಮಾಧಾನದ ಮಾತು. ಆದರೆ ಕೇಳಿ ನಾನು ಇನ್ನಷ್ಟು ಒಂಟಿಯಾದೆ. ಬೇಡ ಎನ್ನುವವರು ಒಬ್ಬರಾದರೂ ಇದ್ದರು ಎಂದು ನಾನು ನಂಬಿಕೊಂಡಿದ್ದೆ.

ಆ ಭಾನುವಾರ ದೋಣಿ ಬಿಟ್ಟರು. ಆಚೆಗೆ ಹೋಗಿ ಐರ್ಲೆಂಡಿನ ಮುದುಕ ಗುರುಗಳ ಹತ್ತಿರ ಪಾಪನಿವೇದನೆ ಮಾಡಿದೆ. ಅವರು ಪ್ರಾಯಶ್ಚಿತ್ತಕ್ಕೆ ಪ್ರಾರ್ಥನೆ ಕೊಡಲಿಲ್ಲ. ಆಡಬೇಕಾಗಿದ್ದ ಮಾತನ್ನು ಆಡಬೇಕಾಗಿದ್ದವರ ಎದುರಿಗೆ ಆಡಿ ಬಾ ಎಂದರು. ಆಗ ನನಗೆ ಪೇತ್ರನ ನೆನಪಾಯಿತು. ಯೇಸುವನ್ನು ಹಿಡಿದೊಯ್ದ ರಾತ್ರಿ, ಅವನನ್ನು ಅರಿಯೆ ಎಂದು ಮೂರು ಸಲ ಹೇಳಿದ ಶಿಷ್ಯ ಅವನು. ನಾನು ಒಂದು ಸಲವೂ ಏನೂ ಅಂದಿರಲಿಲ್ಲ.

ರೈಲು ನಿಲ್ದಾಣ

ಶಾಲೆಯ ಕಮಿಟಿ ಬರುವ ವರ್ಷದ ತನಕವೂ ಕಾಯಲಿಲ್ಲ. ಮೇಷ್ಟರಿಗೆ ಪಶ್ಚಿಮದ ಯಾವುದೋ ಹೊಸ ಊರಿನಲ್ಲಿ, ಇನ್ನೂ ಮಾಡು ಹೊದಿಸದ ಶಾಲೆಯಲ್ಲಿ ಕೆಲಸ ಸಿಕ್ಕಿತು. ಅದೂ ಒಂದು ದಯೆ ಎಂದು ಎಣಿಸಿದೆ. ಪಾಸ್ಕ ಹಬ್ಬದ ಮರುವಾರ ಅವರು ಹೊರಟರು. ಒಂದು ಪುಸ್ತಕದ ಪೆಟ್ಟಿಗೆ, ಒಂದು ಬಟ್ಟೆಯ ಚೀಲ. ಕಳಿಸಲು ಹೋದವರು ಅಬಿಗೈಲಮ್ಮ ಮತ್ತು ನಾನು, ಇಬ್ಬರೇ. ಫ್ರ್ಯಾಂಕಿಗೆ ಅಂಗಡಿಯಲ್ಲಿ ಜನ ಇದ್ದರಂತೆ.

ನಿಲ್ದಾಣದಲ್ಲಿ ಹತ್ತಿಪ್ಪತ್ತು ಜನರಿದ್ದರು. ಗಿರಣಿಯ ಗುಮಾಸ್ತರು ಮೂಟೆ ಎಣಿಸುತ್ತಿದ್ದರು. ಎಡಗೋಡೆಗೆ ಹೋಗಿ ನಿಂತಿದ್ದ ಇಬ್ಬರನ್ನು ಗುರುತು ಹಿಡಿದೆ. ಮುದ್ರಕನೂ ಇದ್ದ, ತನ್ನ ಪತ್ರಿಕೆಯ ಕಟ್ಟುಗಳನ್ನು ರೈಲಿಗೆ ಹಾಕಿಸಲು ಬಂದಿದ್ದ. ಇವರೇ, ಇವರ ಎದುರಿಗೇ, ಎಂದುಕೊಂಡೆ. ಶಿಲುಬೆಯನ್ನು ರವಿಕೆಯ ಹೊರಗೆ ತೆಗೆದೆ. ಮೇಷ್ಟರು ರೈಲಿನ ಮೆಟ್ಟಿಲಿಗೆ ಕಾಲಿಡುವಾಗ, ಕನ್ಯಾಮಠದಲ್ಲಿ ಪದ್ಯ ಒಪ್ಪಿಸುತ್ತಿದ್ದ ದನಿಯಲ್ಲಿ, ಎಲ್ಲರಿಗೂ ಕೇಳುವಂತೆ ಇಂಗ್ಲಿಷಿನಲ್ಲಿ ಹೇಳಿದೆ: "ನಾನು ಕಥೋಲಿಕಳು. ಆವತ್ತು ಕೇಳಿದಾಗ ಹೇಳಲಿಲ್ಲ. ಈ ಮೇಷ್ಟರು ನನ್ನ ಬದಲಿಗೆ ಹೇಳಿದರು."

ಮೇಷ್ಟರು ತಿರುಗಿ ಟೋಪಿ ತೆಗೆದರು. "ಅಮ್ಮ, ನಂಗೆ ನಿಮ್ ಮೇಲೆ ಯಾವತ್ತೂ ಬೇಜಾರಿಲ್ಲ," ಎಂದರು. ಇನ್ನೇನೋ ಹೇಳಲು ಹೋಗಿ ಕೆಮ್ಮು ಬಂತು. ರೈಲು ಹೊರಟಿತು. ಅಬಿಗೈಲಮ್ಮ ಅದರ ಜೊತೆಗೇ ಕೆಲವು ಹೆಜ್ಜೆ ಓಡಿ ನಿಂತಳು.

ನಾನು ಕಾದೆ. ಯಾರಾದರೂ ಉಗುಳಬಹುದು, ಕೂಗಬಹುದು, ಕನಿಷ್ಠ ಪಕ್ಷ ತಿರುಗಿ ನೋಡಬಹುದು ಎಂದು. ಗುಮಾಸ್ತರು ಮೂಟೆ ಎಣಿಸುತ್ತಲೇ ಇದ್ದರು. ಎಡಗೋಡೆಯ ಇಬ್ಬರಲ್ಲಿ ಒಬ್ಬ ಹೊಗೆಸೊಪ್ಪು ತುಂಬಿಕೊಳ್ಳುತ್ತಿದ್ದ. ಮುದ್ರಕ ಮಾತ್ರ ನನ್ನ ಹತ್ತಿರ ಬಂದ, ಟೋಪಿ ಎತ್ತಿ ಬಹಳ ಮರ್ಯಾದೆಯಿಂದ ತಲೆ ಬಾಗಿಸಿದ.

"ಈ ಸಲ ಚಳಿ ಬೇಗ ಕಮ್ಮಿ ಆಯ್ತು, ಅಲ್ವೇನಮ್ಮ?" ಎಂದ.

ಅವನ ಮುಖದಲ್ಲಿ ದ್ವೇಷವಿದೆಯೇ ಎಂದು ಹುಡುಕಿದೆ. ಇರಲಿಲ್ಲ. ಯಾವತ್ತೂ ಇರಲಿಲ್ಲ ಎಂದು ಆಗ ಗೊತ್ತಾಯಿತು. ಅವನ ಮಟ್ಟಿಗೆ ಚುನಾವಣೆ ಮುಗಿದಿತ್ತು.

ಹೌದು ಎಂದೆ. ಚಳಿ ನಿಜವಾಗಿಯೂ ಕಡಿಮೆಯಾಗಿತ್ತು.